ಸಾವಿನ ಮನೆಗೆ ಮಾತಾಡಿಸಲು ಹೋಗುವುದು ಹೇಗೆ?

ಸಾವಾದ ಮನೆಗೆ ಹೋಗುವಾಗ ನಾವು 'ಮಾತಾಡಿಸಿಕೊಂಡು ಬರೋಣ' ಅನ್ನುತ್ತೇವೆ. 'ಮಾತಾಡಿ ಬರೋಣ' ಅನ್ನುವುದಿಲ್ಲ. ಅಂದರೆ ಮಾತು ಆಡಬೇಕಾದವರು ಆ ಮನೆಯವರು. ನಾವು ಹೋಗುವುದು ಅವರ ಬಾಯಿಂದ ಮಾತು ಬರಲಿ ಅಂತ. ಗ್ರೀಫ್ ಕೌನ್ಸೆಲಿಂಗ್ (ದುಃಖದಲ್ಲಿರುವವರಿಗೆ ಆಪ್ತಸಲಹೆ) ಅಂತ ಇವತ್ತು ಕಲಿಸುವುದರಲ್ಲಿ ಮುಕ್ಕಾಲು ಪಾಲು ಈ ಒಂದು ಪದದಲ್ಲೇ ಇದೆ ಅಂತ ನನ್ನ ನಂಬಿಕೆ. ಆದರೆ ಹೋದ ಮೇಲೆ ಏನಾಗುತ್ತದೆ? ನಾವೇ ಮಾತಾಡುತ್ತೇವೆ. 'ಧೈರ್ಯ ತಗೊಳ್ಳಿ', 'ದೇವರ ಇಚ್ಛೆ', 'ನರಳಲಿಲ್ಲವಲ್ಲ, ಪುಣ್ಯವಂತರು'. ಚಹಾ ಕುಡಿದು ಎದ್ದು ಬರುತ್ತೇವೆ.

ಅಮೆರಿಕದಲ್ಲಿ ಶವಸಂಸ್ಕಾರದ ವೃತ್ತಿಗೆ ಇಳಿಯುವವರು ದುಃಖದ ಮನಃಶಾಸ್ತ್ರವನ್ನೂ ಪಾಠವಾಗಿ ಓದುತ್ತಾರೆ. ಮುಂಬಯಿಯಲ್ಲಿ ನಮ್ಮ ಕನ್ನಡಿಗರ ಮನೆಯಲ್ಲಿ ಸಾವಾದರೆ ಓಡಿ ಬರುವವರು ನಮ್ಮವರ ಸಂಘದ ಇಬ್ಬರು, ಪಕ್ಕದ ಬಿಲ್ಡಿಂಗಿನ ಊರಿನವರು, ಪುರೋಹಿತರು, ಶವವಾಹನದ ಡ್ರೈವರ್. ಇವರಿಗೆ ಯಾರೂ ಪಾಠ ಮಾಡಿಲ್ಲ. ಹಲವು ವರ್ಷಗಳಿಂದ ಹೀಗೆ ಓಡುವವರಲ್ಲಿ ನಾನೂ ಒಬ್ಬ. ಕಲಿತದ್ದನ್ನು, ಓದಿದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಾಳೆ ನಿಮಗೂ ಫೋನ್ ಬರಬಹುದು.

ಮೊದಲು: ಇಬ್ಬರು ಹೋಗಿ, ಕೆಲಸ ಹಂಚಿಕೊಳ್ಳಿ

ಒಬ್ಬರು ಕಾಗದಪತ್ರಕ್ಕೆ, ಇನ್ನೊಬ್ಬರು ಮನೆಯವರ ಪಕ್ಕದಲ್ಲಿ ಕೂರಲಿಕ್ಕೆ. ಎರಡನ್ನೂ ಒಬ್ಬರೇ ಮಾಡಲು ಹೋದರೆ ಕೂರುವ ಕೆಲಸ ಆಗುವುದೇ ಇಲ್ಲ.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣ ಬರೆದ ಫಾರಂ 4 ಅಲ್ಲೇ ಆಗುತ್ತದೆ. ಮನೆಯಲ್ಲಾದರೆ ನೋಡುತ್ತಿದ್ದ ಡಾಕ್ಟರು 4ಎ ಕೊಡಬೇಕು. ಈ ಕಾಗದವಿಲ್ಲದೆ ಸ್ಮಶಾನದ ಆಫೀಸಿನಲ್ಲಿ ಕೆಲಸ ಮುಂದೆ ಹೋಗುವುದಿಲ್ಲ. ಅಪಘಾತ, ಆತ್ಮಹತ್ಯೆ ಅಥವಾ ಸಂಶಯದ ಸಾವಾದರೆ ಪೊಲೀಸರಿಗೆ ತಿಳಿಸಲೇಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ಸಾವಿನ ನೋಂದಣಿ ಆಗಬೇಕು. ಹೆಸರು ಬರೆಸುವಾಗ ಆಧಾರ್ ಕಾರ್ಡ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಊರಿನ ಹೆಸರು ಒಂದು, ಬ್ಯಾಂಕಿನಲ್ಲಿ ಇನ್ನೊಂದು, ಇದು ನಮ್ಮವರಲ್ಲಿ ಜಾಸ್ತಿ. ಒಂದು ಅಕ್ಷರ ತಪ್ಪಿದರೂ ಮುಂದೆ ಅಲೆಯಬೇಕಾದವಳು ಆ ಮನೆಯ ಹೆಂಗಸು.

ಕಣ್ಣುದಾನದ ಇಚ್ಛೆ ಇದ್ದರೆ ಆರು ಗಂಟೆಯೊಳಗೆ ಆಗಬೇಕು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ಐ ಬ್ಯಾಂಕಿಗೆ ಫೋನ್ ಮಾಡಿ.

ಸಣ್ಣ ತೀರ್ಮಾನಗಳನ್ನು ಮನೆಯವರಿಗೇ ಬಿಡಿ

ಸಾವು ಮನೆಯವರ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ನಾವು ಬಂದು 'ನೀವು ಸುಮ್ನೆ ಕೂತ್ಕೊಳ್ಳಿ, ನಾವು ನೋಡ್ಕೊಳ್ತೇವೆ' ಅನ್ನುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತೇವೆ. ಆದರೆ ಉಳಿದ ಚೂರುಪಾರನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಡೊಂಬಿವಲಿಯ ಒಂದು ಮನೆ ನೆನಪಾಗುತ್ತದೆ. ತೀರಿಕೊಂಡವರು ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಬಿಳಿ ಶರ್ಟು ತೊಡಿಸಿ ಆಗಿತ್ತು. ಕೆಳಗೆ ವಾಹನ ನಿಂತಿತ್ತು. ಅವರ ಹೆಂಡತಿ ಬಂದು ಪಕ್ಕದಲ್ಲಿ ಕೂತರು. ಗಂಡನ ಬಲಗೈ ತೋಳಿನ ಗುಂಡಿ ಬಿಚ್ಚಿದರು. ಒಂದು ಮಡಿಕೆ ಮಡಚಿದರು, ಬೆರಳಿನಿಂದ ತೀಡಿದರು, ಮತ್ತೊಂದು ಮಡಚಿದರು. ಮೊಣಕೈವರೆಗೆ. ಆಮೇಲೆ ಎಡಗೈ. 'ಹೋಟೆಲಿಗೆ ಹೊರಡುವಾಗ ಹೀಗೇ ಮಡಚ್ತಿದ್ರು' ಅಂದರು. ಯಾರೋ 'ಲೇಟಾಯ್ತು' ಅಂದರು. ನಾನು ಬಾಗಿಲಲ್ಲಿ ನಿಂತು, ಐದು ನಿಮಿಷ ಇರಲಿ ಅಂದೆ. ಅಷ್ಟು ಹೊತ್ತಿನವರೆಗೆ ಅವರು ಅತ್ತಿರಲಿಲ್ಲ. ಎರಡನೇ ತೋಳು ಮಡಚಿ ಮುಗಿದ ಮೇಲೆ ಅತ್ತರು.

ಯಾವ ಸೀರೆ, ಯಾವ ಹೂವು, ಊರಿನಿಂದ ತಮ್ಮ ಬರುವವರೆಗೆ ಕಾಯೋಣವಾ, ಇದನ್ನೆಲ್ಲ ಕೇಳಿ. ಸ್ಮಶಾನಕ್ಕೆ ಬರುತ್ತೀರಾ ಅಂತ ಹೆಂಗಸರನ್ನೂ ಕೇಳಿ. ಬರುವುದಿಲ್ಲ ಅನ್ನಬಹುದು, ಅದು ಅವರಿಷ್ಟ. ಕೇಳದೇ ಬಿಡಬೇಡಿ.

ಕಾಣಿಸುವುದನ್ನು ಮೊದಲೇ ಹೇಳಿ

ಊರಿನಲ್ಲಿ ಕಟ್ಟಿಗೆಯ ಚಿತೆ ನೋಡಿದವರಿಗೆ ಇಲ್ಲಿನ ಕರೆಂಟ್ ಅಥವಾ ಗ್ಯಾಸಿನ ಕುಲುಮೆ ದೊಡ್ಡ ಆಘಾತ. ಶರೀರ ಒಳಗೆ ಜಾರುತ್ತದೆ, ಬಾಗಿಲು ಇಳಿಯುತ್ತದೆ, ಮುಗಿಯಿತು. ಮೊದಲೇ ಗೊತ್ತಿಲ್ಲದ ಮಗ ಆ ಬಾಗಿಲಿನ ಸದ್ದನ್ನೇ ವರ್ಷಗಟ್ಟಲೆ ಕೇಳುತ್ತಾನೆ. ಆದ್ದರಿಂದ ಚಂದನವಾಡಿಯ ಸ್ಮಶಾನವಾಗಲಿ, ಶಿವಾಜಿ ಪಾರ್ಕಿನದಾಗಲಿ, ಒಳಗೆ ಹೋಗುವ ಮೊದಲು ಮನೆಯವರನ್ನು ಪಕ್ಕಕ್ಕೆ ಕರೆಯಿರಿ. 'ಹೀಗೆ ಇಡುತ್ತಾರೆ, ಬಾಗಿಲು ಬೇಗ ಮುಚ್ಚುತ್ತದೆ, ಮುಖ ನೋಡುವುದಿದ್ದರೆ ಈಗಲೇ ನೋಡಿ' ಅಂತ ನಿಧಾನವಾಗಿ ಹೇಳಿ. ಅಸ್ಥಿ ಯಾವಾಗ, ಎಲ್ಲಿ ಸಿಗುತ್ತದೆ ಅಂತಲೂ ಕೇಳಿಕೊಂಡು ಬಂದು ತಿಳಿಸಿ.

ಉತ್ತರ ಕರ್ನಾಟಕದ ಕಡೆ 'ಮಣ್ಣಿಗೆ ಹೋಗುವುದು' ಅನ್ನುತ್ತಾರೆ. ಬಂದವರೆಲ್ಲ ಒಂದು ಹಿಡಿ ಮಣ್ಣು ಹಾಕುತ್ತಾರೆ. ಸಾವು ನಿಜ ಅನ್ನುವುದು ತಲೆಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ವಿಲಿಯಂ ವರ್ಡನ್ ಅನ್ನುವ ಮನಃಶಾಸ್ತ್ರಜ್ಞರು ದುಃಖದಲ್ಲಿರುವವರು ಮಾಡಬೇಕಾದ ನಾಲ್ಕು ಕೆಲಸ ಅಂತ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಮೊದಲನೆಯದೇ ಸಾವನ್ನು ನಿಜವೆಂದು ಒಪ್ಪಿಕೊಳ್ಳುವುದು. ಹಿಡಿ ಮಣ್ಣು, ಬಾಯಿಗೆ ಹಾಕುವ ಅಕ್ಕಿಕಾಳು, ಕೊನೆಯ ನೀರು, ಇವೆಲ್ಲ ಆ ಕೆಲಸಕ್ಕೆ ಕೈ ಜೋಡಿಸುತ್ತವೆ. ಪುರೋಹಿತರಲ್ಲಿ ನನ್ನ ವಿನಂತಿ ಇಷ್ಟೇ: ಅವಸರ ಮಾಡಬೇಡಿ.

ಕೂತು ಕೇಳಿ

ಇದು ಎಲ್ಲಕ್ಕಿಂತ ಕಷ್ಟದ ಹಂತ.

ಬಾಗಿಲಿಂದಲೇ ಮಾತು ಶುರು ಮಾಡಬೇಡಿ. ಹೋಗಿ ಪಕ್ಕದಲ್ಲಿ ಕೂರಿ. ಮುಂಬಯಿಯ ಮನೆಗಳಲ್ಲಿ ಜಾಗ ಇರುವುದಿಲ್ಲ, ನೆಲದ ಮೇಲೆ ಕೂತರೆ ಒಳ್ಳೆಯದು. ಸ್ವಲ್ಪ ಹೊತ್ತು ಬಿಟ್ಟು ತೀರಿಕೊಂಡವರ ಹೆಸರು ಹೇಳಿ. 'ಅಕ್ಕ, ಅಣ್ಣ ಬೆಳಿಗ್ಗೆ ಏನಂದ್ರು?' ಅಂತ ಕೇಳಿ. ಆಮೇಲೆ ಸುಮ್ಮನಿರಿ. ಅವರು ಕೊನೆಯ ದಿನದ ಕಥೆಯನ್ನು ಹೇಳುತ್ತಾರೆ. ಮುಂದಿನವರು ಬಂದಾಗ ಅದನ್ನೇ ಹೇಳುತ್ತಾರೆ. ಹತ್ತನೇ ಸಲವೂ ಅದೇ. 'ಚಹಾ ಕೇಳಿದ್ರು, ನಾನು ಇಡ್ಲಿಕ್ಕೆ ಹೋದೆ, ಬರುವಾಗ...' ತಡೆಯಬೇಡಿ. ಒಂದೊಂದು ಸಲ ಹೇಳುವಾಗಲೂ ಮನಸ್ಸು ಆ ಸಾವಿನ ಹತ್ತಿರ ಒಂದು ಹೆಜ್ಜೆ ಹೋಗಿ ಬರುತ್ತಿರುತ್ತದೆ.

ಅಲೆಗಳು ಬರುತ್ತವೆ. 1942ರಲ್ಲಿ ಬಾಸ್ಟನ್ನಿನ ಒಂದು ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದು 492 ಜನ ಸತ್ತರು. ಆ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರನ್ನೂ, ಬೇರೆ ಸಾವುಗಳನ್ನು ಕಂಡವರನ್ನೂ ಎರಿಕ್ ಲಿಂಡೆಮನ್ ಅನ್ನುವ ಮನೋವೈದ್ಯರು ಮಾತಾಡಿಸಿದರು. 1944ರಲ್ಲಿ ಅವರು ಬರೆದದ್ದು ಇವತ್ತಿಗೂ ಹಾಗೇ ನಿಜ: ಗಂಟಲು ಬಿಗಿಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ನಿಟ್ಟುಸಿರು ಬರುತ್ತದೆ, ಹೊಟ್ಟೆ ಖಾಲಿ ಅನ್ನಿಸುತ್ತದೆ, ಕೈಕಾಲಿನಲ್ಲಿ ಬಲ ಇರುವುದಿಲ್ಲ. ಒಂದು ಅಲೆ 20 ನಿಮಿಷದಿಂದ ಒಂದು ಗಂಟೆ. ಯಾರಾದರೂ ಬಂದು ಕನಿಕರ ತೋರಿಸಿದರೂ ಅಲೆ ಏಳುತ್ತದೆ, ಅದಕ್ಕೇ ಕೆಲವರು ಬಂದವರ ಮುಖ ತಪ್ಪಿಸುತ್ತಾರೆ ಅಂತಲೂ ಅವರು ಹೇಳಿದ್ದಾರೆ. ಹಾಗಾಗಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಸೊಸೆಯನ್ನು 'ಬಂದವರ ಎದುರು ಹೀಗಾ?' ಅಂತ ಬೈಯಬೇಡಿ. ಅಲೆ ಇಳಿಯುವವರೆಗೆ ಪಕ್ಕದಲ್ಲಿದ್ದು ನೀರು ಕೊಡಿ. ಎದೆನೋವು ಅಂದರೆ ಮಾತ್ರ ದುಃಖ ಅಂತ ಸುಮ್ಮನಾಗದೆ ಡಾಕ್ಟರನ್ನು ಕರೆಯಿರಿ.

ಐದು ಹಂತದ ಮಾತು ನೀವು ಕೇಳಿರಬಹುದು. ನಂಬದಿರುವುದು, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ. ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾಯುತ್ತಿದ್ದ ರೋಗಿಗಳನ್ನು ಮಾತಾಡಿಸಿ, ಉಳಿದುಕೊಂಡವರನ್ನಲ್ಲ. ಅದನ್ನು ಮೆಟ್ಟಿಲು ಅಂತ ತಿಳಿದು 'ಇನ್ನೂ ಸಿಟ್ಟಿನಲ್ಲೇ ಇದ್ದಾನೆ' ಅಂತ ಲೆಕ್ಕ ಹಾಕಬೇಡಿ. ನನಗೆ ಹೆಚ್ಚು ಸರಿ ಅನ್ನಿಸುವುದು ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ 1999ರಲ್ಲಿ ಹೇಳಿದ ಮಾತು. ದುಃಖದಲ್ಲಿರುವವರು ಎರಡು ಕಡೆ ತೂಗಾಡುತ್ತಾರೆ. ಒಮ್ಮೆ ಸತ್ತವರ ಕಡೆಗೆ, ಒಮ್ಮೆ ಬದುಕಿನ ಕಡೆಗೆ. ಬೆಳಿಗ್ಗೆ ಅತ್ತವಳು ಮಧ್ಯಾಹ್ನ ರೂಮಿನ ಕಂತಿನ ಲೆಕ್ಕ ಕೇಳುತ್ತಾಳೆ, ಸಂಜೆ ಟಿವಿ ನೋಡಿ ನಗುತ್ತಾಳೆ. 'ವಾರ ಆಗಿಲ್ಲ, ನೋಡು' ಅನ್ನುವವರಿಗೆ ಇದನ್ನು ಹೇಳಿ. ಆ ನಗು ಉಸಿರಾಡಲು ಸಿಕ್ಕ ಜಾಗ.

'ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ' ಅಂತ ನಾನೂ ಹೇಳಿದ್ದೇನೆ. ಮಗಳನ್ನು ಕಳೆದುಕೊಂಡ ತಾಯಿಗೆ. ಅವರು ನನ್ನ ಮುಖ ನೋಡಿದ ರೀತಿ ಇವತ್ತೂ ಮರೆತಿಲ್ಲ. ಆಮೇಲೆ ಆ ಮಾತು ಬಿಟ್ಟೆ. 'ಏನು ಹೇಳಬೇಕೋ ಗೊತ್ತಾಗ್ತಿಲ್ಲ ಅಮ್ಮ, ಇಲ್ಲೇ ಕೂತಿರ್ತೇನೆ' ಅಂದರೆ ಸಾಕು, ಅಲ್ವಾ?

ಮಕ್ಕಳಿಗೆ 'ಸತ್ತುಹೋದರು' ಅಂತಲೇ ಹೇಳಿ

'ಮಲಗಿದ್ದಾರೆ' ಅಂದರೆ ಮಗು ಮಲಗಲು ಹೆದರುತ್ತದೆ. ಮುಂಬಯಿಯ ನಮ್ಮ ಮನೆಗಳಲ್ಲಿ ಇನ್ನೊಂದು ಸುಳ್ಳಿದೆ: 'ಅಜ್ಜ ಊರಿಗೆ ಹೋದ್ರು'. ಐದು ವರ್ಷದ ಒಬ್ಬ ಹುಡುಗ ಇದನ್ನು ನಂಬಿದ್ದ. ಅಸ್ಥಿ ತೆಗೆದುಕೊಂಡು ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಹತ್ತುವಾಗ ಅವನು ಖುಷಿಯಲ್ಲಿದ್ದ. ಉಡುಪಿಯಲ್ಲಿ ಇಳಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಅಜ್ಜನನ್ನು ಹುಡುಕಿದನಂತೆ. ಅವನಪ್ಪ ಇದನ್ನು ಹೇಳುವಾಗ ಮಾತು ನಿಂತುಹೋಯಿತು.

'ಅಜ್ಜನ ಶರೀರ ಕೆಲಸ ಮಾಡುವುದು ನಿಂತುಹೋಯಿತು. ಅವರು ಇನ್ನು ಬರುವುದಿಲ್ಲ. ಅದಕ್ಕೆ ನಮಗೆಲ್ಲ ಅಳು ಬರ್ತಿದೆ.' ಇಷ್ಟು ಸಾಕು. ಮಗುವಿನ ತಪ್ಪಿನಿಂದ ಹೀಗಾಗಲಿಲ್ಲ ಅಂತಲೂ ಹೇಳಿ. ಎಷ್ಟೋ ಮಕ್ಕಳು ಒಳಗೊಳಗೇ ಹಾಗೆ ಅಂದುಕೊಂಡಿರುತ್ತಾರೆ. ಹೇಳಿದ ಹತ್ತು ನಿಮಿಷಕ್ಕೆ ಮಗು ಆಟಕ್ಕೆ ಓಡಿದರೆ ಓಡಲಿ.

ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ ಹೋಗಿ

ಹದಿಮೂರು ದಿನ ಮನೆ ತುಂಬ ಜನ. ಬೊಜ್ಜದ ಊಟ ಆಯಿತು, ಊರಿನವರು ರೈಲು ಹತ್ತಿದರು. ಹದಿನಾಲ್ಕನೇ ದಿನ ಬೆಳಿಗ್ಗೆ ಹಾಲಿನವನಿಗೆ ಎಷ್ಟು ಪ್ಯಾಕೆಟ್ ಹೇಳಬೇಕು ಅನ್ನುವಲ್ಲಿಂದ ನಿಜವಾದ ಒಂಟಿತನ ಶುರು. ನಮ್ಮ ಸಂಘದಲ್ಲಿ ಈಗ ಒಂದು ಡೈರಿ ಇಟ್ಟಿದ್ದೇವೆ. ಒಂದು ತಿಂಗಳು, ಮೂರು ತಿಂಗಳು, ಮೊದಲ ದೀಪಾವಳಿ, ವರ್ಷಾಂತ. ಆ ದಿನಗಳಲ್ಲಿ ಯಾರಾದರೂ ಹೋಗಬೇಕು.

'ಏನಾದ್ರೂ ಬೇಕಿದ್ರೆ ಹೇಳಿ' ಅಂದರೆ ಯಾರೂ ಹೇಳುವುದಿಲ್ಲ. 'ಮಂಗಳವಾರ ಹನ್ನೊಂದಕ್ಕೆ ಬರ್ತೇನೆ, ಬ್ಯಾಂಕಿಗೆ ಹೋಗೋಣ' ಅನ್ನಿ. ಹೆಂಡತಿ ತೀರಿಕೊಂಡ ಗಂಡಸರ ಕಡೆ ಜಾಸ್ತಿ ಗಮನ ಇರಲಿ. ಅವರು ಅಳುವುದಿಲ್ಲ, ಊಟ ಬಿಡುತ್ತಾರೆ.

ಸತ್ತವರ ಜೊತೆ ಮಾತಾಡುವುದು, ಅವರ ತಟ್ಟೆ ತೆಗೆದಿಡುವುದು ಹುಚ್ಚಲ್ಲ. ಸತ್ತವರ ನಂಟು ಕಡಿದುಕೊಂಡರೆ ಮಾತ್ರ ಗುಣ ಅಂತ ಮನಃಶಾಸ್ತ್ರ ಬಹಳ ಕಾಲ ನಂಬಿತ್ತು. 1990ರ ದಶಕದಲ್ಲಿ ಆ ಅಭಿಪ್ರಾಯ ಬದಲಾಯಿತು. ನಂಟು ಬೇರೆ ರೂಪದಲ್ಲಿ ಮುಂದುವರಿಯುತ್ತದೆ, ಅದು ಆರೋಗ್ಯವೇ ಅಂತ ಒಪ್ಪಿಕೊಂಡರು. ಆಟಿ ತಿಂಗಳಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುವ ನಮ್ಮ ಕರಾವಳಿಯ ಮನೆಗಳಿಗೆ ಇದು ಮೊದಲೇ ಗೊತ್ತಿತ್ತು.

ಯಾವಾಗ ಡಾಕ್ಟರ ಹತ್ತಿರ?

ಹೆಚ್ಚಿನವರಿಗೆ ನಿಮ್ಮಂಥವರು ಸಾಕು. ಆದರೆ ತಿಂಗಳುಗಳು ಕಳೆದರೂ ದಿನದ ಕೆಲಸ ಮಾಡಲಾಗದಷ್ಟು ಹಂಬಲ ಹಾಗೇ ಉಳಿದರೆ ಮನೋವೈದ್ಯರನ್ನು ಕಾಣಬೇಕು. ಇದಕ್ಕೆ ಈಗ ದೀರ್ಘಕಾಲದ ದುಃಖದ ಕಾಯಿಲೆ ಅಂತ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ ಆರು ತಿಂಗಳು ಅನ್ನುತ್ತದೆ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಅನ್ನುತ್ತದೆ. 'ನಾನೂ ಅವರ ಹಿಂದೆ ಹೋಗ್ತೇನೆ' ಅನ್ನುವ ಮಾತು ಕೇಳಿದರೆ ಮಾತ್ರ ಒಂದು ದಿನವೂ ಕಾಯಬೇಡಿ. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ, ಕೇಳಿ ಪಡೆಯಿರಿ. ನಲವತ್ತು ವರ್ಷ ಮುಂಬಯಿಯಲ್ಲಿ ಹಿಂದಿ, ಮರಾಠಿಯಲ್ಲೇ ವ್ಯವಹಾರ ಮಾಡಿದ ಹಿರಿಯರೂ ಅಳುವುದು ತಾಯಿಭಾಷೆಯಲ್ಲಿ. ಫೋನ್ ಹಚ್ಚಿ ಅವರ ಕೈಗೆ ಕೊಟ್ಟು, ಪಕ್ಕದ ಕೋಣೆಯಲ್ಲಿ ಕೂರಿ.

ನಿಮಗೂ ಒಬ್ಬರು ಬೇಕು

ಒಂದೇ ವಾರದಲ್ಲಿ ಎರಡು ಸಾವಿಗೆ ಓಡಿದರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಸ್ಮಶಾನದಿಂದ ಬಂದು ಸ್ನಾನ ಮಾಡಿದ ಮೇಲೆ, ಜೊತೆಗೆ ಬಂದಿದ್ದ ಇನ್ನೊಬ್ಬರಿಗೆ ಫೋನ್ ಮಾಡಿ. ಹತ್ತು ನಿಮಿಷ. ನೋಡಿದ್ದನ್ನು ಹೇಳಿ, ಅವರು ನೋಡಿದ್ದನ್ನು ಕೇಳಿ. ಶವವಾಹನದ ಡ್ರೈವರಿಗೂ ಒಂದು ಚಹಾ ಕೊಡಿಸಿ, 'ಇವತ್ತು ಎಷ್ಟನೇದು ಅಣ್ಣ?' ಅಂತ ಕೇಳಿ ನೋಡಿ. ಅವರು ಹೇಳಲಿಕ್ಕೆ ತುಂಬ ಇಟ್ಟುಕೊಂಡಿರುತ್ತಾರೆ.