ಲಾರಿ ಬೇಕಿಲ್ಲ, ಟಿಲ್ಲರ್ ಸಾಗಿಸಲು ಗೂಡ್ಸ್ ಗಾಡಿ ಸಾಕು

ಪವರ್ ಟಿಲ್ಲರನ್ನು, ಅಂದರೆ ಹಿಡಿ ಹಿಡಿದು ನಡೆಸುವ ಉಳುವ ಯಂತ್ರವನ್ನು, ಪಕ್ಕದೂರಿನ ಗದ್ದೆಗೆ ಒಯ್ಯುವ ಕೆಲಸ ದಾರಿಯಲ್ಲಿ ಕೆಡುವುದಿಲ್ಲ, ಗಾಡಿಗೆ ಹತ್ತಿಸುವ ಹಲಗೆಯ ಮೇಲೆ ಕೆಡುತ್ತದೆ. ಹತ್ತಿಸುವ ಐದು ನಿಮಿಷ, ಇಳಿಸುವ ಐದು ನಿಮಿಷ ಸರಿಯಾಗಿ ಕಳೆದರೆ ಉಳಿದದ್ದು ಡ್ರೈವರನ ಪಾಲು.

12ರಿಂದ 15 ಅಶ್ವಶಕ್ತಿಯ ಡೀಸೆಲ್ ಟಿಲ್ಲರ್ ರೋಟರಿ (ಹಿಂದೆ ಜೋಡಿಸುವ, ಮಣ್ಣು ಉಳುವ ಬ್ಲೇಡುಗಳ ಭಾಗ) ಸೇರಿ 400–500 ಕಿಲೋ ತೂಗುತ್ತದೆ. ಇಷ್ಟಕ್ಕೆ ಲಾರಿ ಮಾಡಿಸುವುದು ದುಡ್ಡು ದಂಡ. ಟಾಟಾ ಏಸ್‌ನಂಥ ನಾಲ್ಕು ಚಕ್ರದ ಸಣ್ಣ ಗಾಡಿ ಧಾರಾಳ ಸಾಕು. ಬಾಡಿಗೆ ಕಡಿಮೆ ಎಂದು ಮೂರು ಚಕ್ರದ ಗೂಡ್ಸ್ ಆಟೊ ತರಬೇಡಿ. ಟಿಲ್ಲರಿನ ಭಾರ ಹಿಂದಿನ ಅಂಚಿಗೆ ಬಿದ್ದ ಕೂಡಲೇ ಅದರ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ನಾಲ್ಕೈದು ಕಿಲೋಮೀಟರಿನ ದಾರಿಯಾದರೆ ಗಾಡಿಯ ಗೊಡವೆಯೇ ಬೇಡ, ಟಯರ್ ಚಕ್ರ ಹಾಕಿ ಓಡಿಸಿಕೊಂಡೇ ಹೋಗಬಹುದು.

ಮೊದಲು ರೋಟರಿ ಬಿಚ್ಚಿ. ಅದನ್ನು ಬಿಡದೆ ಹತ್ತಿಸಲು ಹೋದರೆ ಮೂತಿ ಮೇಲೇಳುತ್ತಿದ್ದಂತೆ ಹಿಂದಿನ ಬ್ಲೇಡುಗಳು ನೆಲಕ್ಕೆ ತಾಗಿ ಕಚ್ಚಿಕೊಳ್ಳುತ್ತವೆ. ಬಿಚ್ಚಿದ ಜಾಗಕ್ಕೆ ಮಣ್ಣು ಸೇರದಂತೆ ಪ್ಲಾಸ್ಟಿಕ್ ಕಟ್ಟಿ, ಬೋಲ್ಟುಗಳನ್ನು ಡಬ್ಬಿಗೆ ಹಾಕಿ. ಕೇಜ್ ವೀಲ್ (ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಇದ್ದರೆ ಕಳಚಿ ಟಯರ್ ಹಾಕಿ, ಕಬ್ಬಿಣದ ಪಟ್ಟಿಗಳು ಹಲಗೆಯನ್ನು ಸೀಳುತ್ತವೆ. ಡೀಸೆಲ್ ಅರ್ಧ ಟ್ಯಾಂಕಿಗಿಂತ ಹೆಚ್ಚು ಬೇಡ. ತುಂಬಿದ್ದರೆ ಮುಚ್ಚಳದಿಂದ ಸೋರುತ್ತದೆ, ತೀರಾ ಕಡಿಮೆಯಿದ್ದರೆ ಓರೆಯಾದಾಗ ಪೈಪಿಗೆ ಗಾಳಿ ಹೊಕ್ಕು ಎಂಜಿನ್ ಹಲಗೆಯ ನಡುವೆಯೇ ನಿಂತೀತು.

ಹತ್ತಿಸಲು ಎಲ್ಲಕ್ಕಿಂತ ಒಳ್ಳೆಯ ಉಪಾಯಕ್ಕೆ ಕಾಸೂ ಖರ್ಚಿಲ್ಲ: ಗಾಡಿಯ ಎತ್ತರಕ್ಕೆ ಸಮನಾದ ದಿಣ್ಣೆ. ರಸ್ತೆ ಬದಿಯ ಧರೆಯೋ ತೋಟದ ಏರಿಯೋ ಯಾವುದಾದರೂ ಸರಿ. ಗಾಡಿಯನ್ನು ಹಿಮ್ಮುಖವಾಗಿ ಅದಕ್ಕೆ ತಾಗಿಸಿ ನಿಲ್ಲಿಸಿದರೆ ಹಲಗೆ ಬರೀ ಒಂದೆರಡು ಅಡಿಯ ಸೇತುವೆ. ಇಂಥ ಜಾಗ ಹುಡುಕಲು ಅರ್ಧ ಗಂಟೆ ಅಲೆದರೂ ನಷ್ಟವಿಲ್ಲ. ಮಳೆಗೆ ಕುಸಿಯುವ ಹೊಸ ಮಣ್ಣಿನ ಏರಿ ಮಾತ್ರ ಬೇಡ.

ದಿಣ್ಣೆ ಸಿಗದಿದ್ದರೆ ಹಲಗೆಯೇ ಗತಿ. ಗಾಡಿಯ ತಳ ನೆಲದಿಂದ 75–80 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಆರು ಅಡಿಯ ಹಲಗೆ ಇಟ್ಟರೆ ಏರು ಸುಮಾರು 25 ಡಿಗ್ರಿ. ಹತ್ತು ಅಡಿಯದಾದರೆ 15 ಡಿಗ್ರಿ. ಹತ್ತು ಅಡಿಗಿಂತ ಗಿಡ್ಡ ಹಲಗೆ ಮುಟ್ಟಲೇಬೇಡಿ. ಎರಡು ಅಂಗುಲ ದಪ್ಪ, ಹತ್ತರಿಂದ ಹನ್ನೆರಡು ಅಂಗುಲ ಅಗಲದ ಮತ್ತಿಯೋ ಹೊನ್ನೆಯೋ ಆಗಬೇಕು. ಸಿಲ್ವರ್ ಓಕ್ ಹಲಗೆ ನಡುವಿಗೆ ಮುರಿಯುತ್ತದೆ. ಅಡಿಕೆ ದಬ್ಬೆಯನ್ನು (ಸೀಳಿದ ಅಡಿಕೆ ಮರವನ್ನು) ಸಾಲಾಗಿ ಜೋಡಿಸಿ ಹತ್ತಿಸುವವರಿದ್ದಾರೆ. ಒದ್ದೆ ದಬ್ಬೆಯ ಮೇಲೆ ಟಯರು ಎಣ್ಣೆ ಸವರಿದಂತೆ ಜಾರುತ್ತದೆ. ಪ್ರತಿ ಹಲಗೆಯ ನಡುವಿನಡಿಗೆ ಮರದ ದಿಮ್ಮಿಯ ಆಸರೆ ಕೊಡಿ. ಇಟ್ಟಿಗೆ ಬೇಡ, ಒಡೆಯುತ್ತದೆ.

ಮೂರು ಹಲಗೆ ಬೇಕು: ಎರಡು ಚಕ್ರಕ್ಕೆ, ನಡುವಿನದು ಹಿಡಿ ಹಿಡಿದವನು ನಡೆಯಲು. ಮೂರನೆಯದನ್ನು ಉಳಿಸಿ ನೆಲದ ಮೇಲೇ ನಿಂತು ಹತ್ತಿಸುವವರಿಗೆ ಅರ್ಧ ದಾರಿಯಲ್ಲಿ ಹಿಡಿ ಕೈಗೆ ಎಟುಕುವುದಿಲ್ಲ.

ಹಲಗೆಯ ಮೇಲ್ತುದಿಯನ್ನು ಗಾಡಿಗೆ ಕಟ್ಟದೆ ಬಿಡುವುದೇ ಬಹುಪಾಲು ಅನಾಹುತಗಳ ಮೂಲ. ಚಕ್ರ ಮುಂದಕ್ಕೆ ಉರುಳುವಾಗ ಹಲಗೆಯನ್ನು ಹಿಂದಕ್ಕೆ ಒದೆಯುತ್ತದೆ. ಹಲಗೆ ಅಂಗುಲ ಅಂಗುಲವಾಗಿ ಸರಿದು ಕೊನೆಗೆ ಅಂಚು ತಪ್ಪಿ ಬೀಳುತ್ತದೆ. ಹಾಗಾಗಿ ತುದಿಗೆ ತೂತು ಕೊರೆದು, ಸರಪಳಿಯಿಂದ ಗಾಡಿಯ ಚಾಸಿಗೆ ಬಿಗಿಯಿರಿ. ಹಿಂದಿನ ಡೋರನ್ನು ಸರಪಳಿಯಲ್ಲಿ ಅಡ್ಡಕ್ಕೆ ನಿಲ್ಲಿಸಿ ಅದರ ಮೇಲೆ ಹಲಗೆ ಇಟ್ಟರೆ ಕೀಲು ಬಾಗುತ್ತದೆ. ಡೋರ್ ಪೂರ್ತಿ ಇಳಿಬಿಟ್ಟು ತಳದ ಅಂಚಿಗೇ ಹಲಗೆ ಕೂರಿಸಿ. ಗಾಡಿಯ ಹಿಂಭಾಗ ಕುಗ್ಗದಂತೆ ಚಾಸಿಯ ಅಡಿಗೆ ದಿಮ್ಮಿ ಕೊಡಿ, ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕೂ ಚಕ್ರಕ್ಕೆ ಕಲ್ಲು ಇಡಿ.

ಇನ್ನು ಹತ್ತಿಸುವುದು. ಎಂಜಿನ್ ಮುಂದೆ, ಲೋ ಒಂದನೇ ಗೇರು. ಎರಡೂ ಚಕ್ರ ಹಲಗೆಯ ನಡುಗೆರೆಗೆ ನೇರವಾಗುವವರೆಗೆ ನೆಲದ ಮೇಲೇ ತಿರುಗಿಸಿಕೊಳ್ಳಿ. ಹಲಗೆ ಏರಿದ ಮೇಲೆ ಸೈಡ್ ಕ್ಲಚ್ (ಒಂದು ಬದಿಯ ಚಕ್ರಕ್ಕೆ ಶಕ್ತಿ ತಪ್ಪಿಸಿ ಯಂತ್ರ ತಿರುಗಿಸುವ ಲಿವರ್) ಮುಟ್ಟುವಂತಿಲ್ಲ, ಗೇರ್ ಬದಲಿಸುವಂತಿಲ್ಲ. ಮೇನ್ ಕ್ಲಚ್ ಕೂಡ ಸುಮ್ಮನೆ ಎಳೆಯಬೇಡಿ: ಹಲವು ಟಿಲ್ಲರುಗಳಲ್ಲಿ ಬ್ರೇಕ್ ಹಿಡಿಯುವುದು ಲಿವರನ್ನು ಕೊನೆಯವರೆಗೆ ಎಳೆದಾಗ ಮಾತ್ರ. ನಡುವೆ ನಿಲ್ಲಿಸಿದರೆ ಯಂತ್ರಕ್ಕೆ ಹಿಡಿತವೇ ಇರದು, ಹಿಂದಕ್ಕೆ ಉರುಳುತ್ತದೆ. ಎಂಜಿನ್ ಚಾಸಿಗೆ ಒಂದು ದಪ್ಪ ಹಗ್ಗ ಕಟ್ಟಿ, ಕ್ಯಾಬಿನ್ ಹಿಂದಿನ ಕಂಬಿಗೆ ಒಂದೂವರೆ ಸುತ್ತು ಹಾಕಿ. ಗಾಡಿಯೊಳಗೆ ಒಂದು ಬದಿಗೆ ನಿಂತವನು ಯಂತ್ರ ಏರಿದಷ್ಟೂ ಹಗ್ಗ ಎಳೆದುಕೊಳ್ಳಲಿ. ಇನ್ನೊಬ್ಬ ಪಕ್ಕದಲ್ಲಿ ಬೆಣೆ ಹಿಡಿದಿರಲಿ, ಹಿಂದೆ ಅಲ್ಲ. ಜಾರಿದರೆ ಹಿಡಿ ಬಿಟ್ಟು ಪಕ್ಕಕ್ಕೆ ಹಾರಿ. ಆ ಭಾರವನ್ನು ಭುಜ ಕೊಟ್ಟು ತಡೆಯಲಾಗದು.

ಚಕ್ರ ಅಂಚು ದಾಟುವಾಗ ಎಚ್ಚರ. ಅಲ್ಲಿಯವರೆಗೆ ಮೇಲೆದ್ದಿದ್ದ ಮೂತಿ ಥಟ್ಟನೆ ಕೆಳಗೆ ಬೀಳುತ್ತದೆ, ಹಿಡಿ ಮೇಲಕ್ಕೆ ಚಿಮ್ಮುತ್ತದೆ, ಗಲ್ಲಕ್ಕೆ ಬಡಿಯುವುದು ಇಲ್ಲೇ. ಅಂಚಿಗೆ ಅರ್ಧ ಅಡಿ ಇರುವಾಗ ಥ್ರಾಟಲ್ ತಗ್ಗಿಸಿ, ಹಿಡಿಯನ್ನು ಕೆಳಕ್ಕೆ ಒತ್ತಿ ಹಿಡಿಯಿರಿ.

ಮೇಲೆ ಬಂದ ಮೇಲೆ ಎಂಜಿನ್ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು ಕ್ಲಚ್ ಆನ್ ಮಾಡಿಡಿ, ಡೀಸೆಲ್ ಕಾಕ್ ಮುಚ್ಚಿ. ಚಕ್ರಗಳಿಗೆ ಬೆಣೆ, ಮುಂದೆ ಎರಡು, ಹಿಂದೆ ಎರಡು ರ‍್ಯಾಚೆಟ್ ಬೆಲ್ಟು (ಲಿವರಿನಿಂದ ಎಳೆದು ಬಿಗಿಯುವ ಪಟ್ಟಿ). ಚಾಸಿಗೆ ಕಟ್ಟಿ, ಹಿಡಿಗೆ ಎಂದೂ ಬೇಡ, ಬಾಗುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ. ಕೊಕ್ಕೆ ತಂತಿಯಷ್ಟು ತೆಳ್ಳಗಿರುವ ಅಗ್ಗದ ಬೆಲ್ಟೂ ಅದೇ ಜಾತಿ. ಎರಡು ಮೂರು ಕಿಲೋಮೀಟರ್ ಹೋದ ಮೇಲೆ ನಿಂತು ಮತ್ತೊಮ್ಮೆ ಬಿಗಿಮಾಡಿ. ಹಿಡಿ ಹೊರಗೆ ಚಾಚಿದ್ದರೆ ಕೆಂಪು ಬಟ್ಟೆ ಕಟ್ಟಿ.

ಇಳಿಸುವಾಗ ರಿವರ್ಸ್ ಗೇರು, ಕಡಿಮೆ ಥ್ರಾಟಲ್, ಅದೇ ಹಗ್ಗ, ಅದೇ ಹಲಗೆ. ಸೈಡ್ ಕ್ಲಚ್ ಏಕೆ ಮುಟ್ಟಬಾರದೆಂಬುದು ಇಲ್ಲಿ ಗೊತ್ತಾಗುತ್ತದೆ: ಸಮನೆಲದಲ್ಲಿ ಎಡ ಕ್ಲಚ್ ಹಿಡಿದರೆ ಎಡಚಕ್ರಕ್ಕೆ ಶಕ್ತಿ ತಪ್ಪಿ ಅದು ಹಿಂದುಳಿಯುತ್ತದೆ. ಇಳಿಜಾರಿನಲ್ಲಿ ಎಂಜಿನ್ನೇ ಚಕ್ರವನ್ನು ತಡೆದಿರುತ್ತದೆ, ಕ್ಲಚ್ ಹಿಡಿದಾಗ ತಡೆ ತಪ್ಪಿದ ಚಕ್ರ ಓಡತೊಡಗಿ ಯಂತ್ರ ಉಲ್ಟಾ ತಿರುಗುತ್ತದೆ. ಕೈಗೆ ಎಷ್ಟೇ ಅಭ್ಯಾಸವಿದ್ದರೂ ಆ ಕ್ಷಣದಲ್ಲಿ ತಿದ್ದಲು ಆಗುವುದಿಲ್ಲ. ಹಲಗೆಯ ಮೇಲೆ ವಾಲಿದರೆ ಮೇನ್ ಕ್ಲಚ್ ಪೂರ್ತಿ ಎಳೆದು ನಿಲ್ಲಿಸಿ, ಬೆಣೆ ಹಾಕಿಸಿ, ಮತ್ತೆ ಮೇಲಕ್ಕೆ ಹತ್ತಿಸಿಕೊಂಡು ನೇರ ಮಾಡಿ.

ಕೆಳಗಿಳಿದ ಮೇಲೆ ಏರ್ ಕ್ಲೀನರಿನ ಎಣ್ಣೆ ಚೆಲ್ಲಿದೆಯೇ, ಎಂಜಿನ್ ತಂಪಾಗಿಡುವ ನೀರು ಕಡಿಮೆಯಾಗಿದೆಯೇ ನೋಡಿಕೊಂಡೇ ರೋಟರಿ ಕೂರಿಸಿ.