ಪ್ಯೂ ಬೆಳ್ಳಿ ನಾಣ್ಯ: ದುಡ್ಡು ಕೊಡುವ ಮುನ್ನ ನೀರಿಗಿಳಿಸಿ

ಬರ್ಮಾದ ಪ್ರಾಚೀನ ಬೆಳ್ಳಿ ನಾಣ್ಯವೆಂದು ನಂಬಿ ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ತಾಮ್ರ-ನಿಕಲ್-ಸತುವಿನ ಮಿಶ್ರಲೋಹ) ಬಿಲ್ಲೆಗೆ ಸಾವಿರಾರು ರೂಪಾಯಿ ತೆತ್ತವರನ್ನು ಎಷ್ಟೋ ಸಲ ಕಂಡಿದ್ದೇನೆ. ಹತ್ತು ನಿಮಿಷದ ಒಂದು ಪರೀಕ್ಷೆ ಗೊತ್ತಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಮೊದಲು ಒಂದೇ ಬಗೆಯನ್ನು ಹಿಡಿಯಿರಿ. ನನ್ನ ಆಯ್ಕೆ ಬರ್ಮಾದ ಪ್ರಾಚೀನ ನಿವಾಸಿಗಳಾದ ಪ್ಯೂ ಜನರ ‘ಉದಯಸೂರ್ಯ’ ನಾಣ್ಯ. ಒಂದು ಮುಖದಲ್ಲಿ ಕಿರಣ ಚಾಚಿದ ಅರ್ಧ ಸೂರ್ಯ, ಅಂಚಿಗೆ ಚುಕ್ಕಿಗಳ ಬಳೆ. ಇನ್ನೊಂದರಲ್ಲಿ ಶ್ರೀವತ್ಸ, ಅದರ ಅಕ್ಕಪಕ್ಕ ಸ್ವಸ್ತಿಕ, ಭದ್ರಪೀಠ (ಮಂಗಳ ಆಸನ)ದಂಥ ಮಂಗಳ ಚಿಹ್ನೆಗಳು. ನಾವು ವಿಷ್ಣುವಿನ ಎದೆಯ ಮೇಲೆ ಕಾಣುವ ಶ್ರೀವತ್ಸವೇ ಇದು, ಆದರೆ ಇಲ್ಲಿ ಪುಟ್ಟ ಗುಡಿಯ ಆಕಾರ ತಾಳಿದೆ. ಶ್ರೀಕ್ಷೇತ್ರ, ಹಲಿನ್‌ಗಳಂಥ ಪ್ಯೂ ಬೌದ್ಧ ಪಟ್ಟಣಗಳ ಕಾಲದ ಈ ಬಗೆಯ ನಾಣ್ಯ ವಿಯೆಟ್ನಾಂನ ಹಳೆಯ ವ್ಯಾಪಾರ ಪಟ್ಟಣ ಓಕ್ ಇಯೋವರೆಗೂ ಸಿಕ್ಕಿದೆ. ಚಿಲ್ಲರೆಗಾಗಿ ಇವನ್ನು ಕತ್ತರಿಸುತ್ತಿದ್ದರು. ಹೊಸಬರು ಇಂಥ ತುಂಡಿನಿಂದಲೇ ಶುರುಮಾಡಬೇಕು. ಅಂದಿನ ಸಂತೆಯ ವ್ಯವಹಾರ ಅದರ ಅಂಚಿನಲ್ಲೇ ಕಾಣುತ್ತದೆ.

ಕಾಗದಪತ್ರವಿಲ್ಲದ ನಾಣ್ಯ ಬೇಡವೇ ಬೇಡ. ನೂರು ವರ್ಷ ದಾಟಿದ್ದನ್ನು ಅನುಮತಿಯಿಲ್ಲದೆ ಹೊರಗೊಯ್ಯಲು ಮ್ಯಾನ್ಮಾರ್ ಕಾನೂನೂ ಬಿಡುವುದಿಲ್ಲ, ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯೂ ಬಿಡುವುದಿಲ್ಲ. ಹಳೆಯ ಸಂಗ್ರಹದ ರಸೀದಿ ಕೇಳಿ.

ಇನ್ನು ಎಲ್ಲರೂ ಎಡವುವ ಹಂತ. ಇಡೀ ನಾಣ್ಯ ಸಾಮಾನ್ಯವಾಗಿ ಒಂಬತ್ತು, ಒಂಬತ್ತೂವರೆ ಗ್ರಾಂ ತೂಗುತ್ತದೆ. ಆದರೆ ನಕಲಿ ಮಾಡುವವರೂ ಅಷ್ಟೇ ತೂಕಕ್ಕೆ ಎರಕ ಹೊಯ್ಯುತ್ತಾರೆ, ಹಾಗಾಗಿ ಬರೀ ತೂಕ ಸಾಲದು. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಗೋಡೆಗಾಗಲಿ ತಾಕಬಾರದು. ಅಂಟಿದ ಗುಳ್ಳೆಗಳನ್ನು ಮೆಲ್ಲಗೆ ಅಲುಗಿಸಿ ಬಿಡಿಸಿ, ಅವಿದ್ದರೆ ಲೆಕ್ಕ ಕೆಡುತ್ತದೆ. ಒಣಗಿದ್ದಾಗಿನ ತೂಕವನ್ನು ಈಗ ತಕ್ಕಡಿ ತೋರಿಸುವ ಅಂಕಿಯಿಂದ ಭಾಗಿಸಿ, ಬರುವುದೇ ಲೋಹದ ಸಾಂದ್ರತೆ. 9.40 ಗ್ರಾಂ ನಾಣ್ಯಕ್ಕೆ 0.91 ಬಂದರೆ ಉತ್ತರ 10.3, ಶುದ್ಧ ಬೆಳ್ಳಿಯದು 10.5, ಅಲ್ಲಿಗೆ ಸಮಾಧಾನ. 1.08 ಬಂದರೆ 8.7, ಅದು ಜರ್ಮನ್ ಸಿಲ್ವರ್. ತವರವಾದರೆ ಏಳರ ಆಸುಪಾಸಿಗೆ ಇಳಿಯುತ್ತದೆ. ಮೂರು ಸಲ ಮಾಡಿ. ಬಿರುಕುಬಿಟ್ಟ ಹಳೆಯ ಬೆಳ್ಳಿ ತುಸು ಕಡಿಮೆ ತೋರಿಸಬಹುದು.

ಬೆಳ್ಳಿಯಿಂದಲೇ ಮಾಡಿದ ನಕಲಿಯೂ ಉಂಟು, ಅದನ್ನು ನೀರು ಹಿಡಿಯದು. ಭೂತಗನ್ನಡಿಯಲ್ಲಿ ಅಂಚು ನೋಡಿ: ಸುತ್ತಲೂ ಅರದಿಂದ ಉಜ್ಜಿದ ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಂಡಿಗಳಿದ್ದರೆ ಎರಕ ಹೊಯ್ದದ್ದು. ಅಸಲಿ ನಾಣ್ಯ ಅಚ್ಚಿನಲ್ಲಿ ಬಡಿದದ್ದು. ನೆಲಕ್ಕೆ ಬೀಳಿಸಿ ಸದ್ದು ಕೇಳುವ ಅಡ್ಡದಾರಿ ಮಾತ್ರ ಬೇಡ. ಹಳೆಯ ಬೆಳ್ಳಿ ಹಪ್ಪಳದಂತೆ ಮುರಿಯುತ್ತದೆ.

ತಂದ ಮೇಲೆ ವಿಭೂತಿ, ಹುಣಸೆಹಣ್ಣು, ಅದ್ದಿ ತೆಗೆಯುವ ಪಾಲಿಶ್ ಯಾವುದನ್ನೂ ಮುಟ್ಟಿಸಬೇಡಿ. ಆ ಕಪ್ಪು ಪದರ ಇರಲಿ. ಮೆತ್ತನೆಯ ಪಿವಿಸಿ ಕವರುಗಳು ಅಗ್ಗ, ಆದರೆ ಕ್ರಮೇಣ ಹಸಿರು ಅಂಟು ಬಿಡುತ್ತವೆ. ಆಮ್ಲರಹಿತ ಕಾಗದದ ಲಕೋಟೆಯೇ ಒಳ್ಳೆಯದು. ರಬ್ಬರ್ ಬ್ಯಾಂಡ್ ಹತ್ತಿರ ಇಡಬೇಡಿ. ಲಕೋಟೆಯ ಮೇಲೆ ತೂಕ, ನೀರಿನ ಲೆಕ್ಕ, ಯಾರಿಂದ ಯಾವಾಗ ಕೊಂಡದ್ದು ಎಂದು ಪೆನ್ಸಿಲಿನಲ್ಲಿ ಬರೆದು, ಆಮೇಲಷ್ಟೇ ನಾಣ್ಯವನ್ನು ಒಳಗಿಡಿ.