ಖರ್ಚು ಮಾಡಿದವನಿಗೇ ಎಕ್ಸ್‌ಪಿ: ನಮ್ಮ ಆಟದ ಲೆಕ್ಕಾಚಾರ

ಹೋದ ಭಾನುವಾರ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ (ಪಾತ್ರ ಹಾಕಿ, ದಾಳ ಉರುಳಿಸಿ ಆಡೋ ಕಥೆಯಾಟ) ಪ್ಯಾಲಡಿನ್, ಅಂದರೆ ಧರ್ಮಯೋಧನ ಪಾತ್ರ, ಊರಿಗೊಂದು ಬಾವಿ ತೋಡಿಸಿ ಮೂರನೇ ಲೆವೆಲ್ಲಿಗೆ ಏರಿದ. ಒಂದೇ ಒಂದು ಗಾಬ್ಲಿನ್ನನ್ನೂ (ಆಟದ ಕುಳ್ಳ ರಾಕ್ಷಸ) ಮುಟ್ಟಲಿಲ್ಲ. ದುಡ್ಡು ಖರ್ಚು ಮಾಡಿದ್ದಕ್ಕೇ ಎಕ್ಸ್‌ಪಿ (ಲೆವೆಲ್ ಏರಿಸೋ ಅನುಭವದ ಅಂಕ) ಅನ್ನೋದು ನಮ್ಮ ನಿಯಮ. ವರ್ಷದ ಕೆಳಗೆ ಇದನ್ನು ಕೇಳಿ "ಇದು ನಡೆಯಲ್ಲ ಗುರೂ, ಎಲ್ಲರೂ ಕುಡಿದು ಕೂರ್ತಾರೆ ಅಷ್ಟೇ" ಅಂತ ನಕ್ಕಿದ್ದ ಇಬ್ಬರು ಡಿಎಂ (ಆಟ ನಡೆಸೋರು) ಗೆಳೆಯರು ಈಗ ನಿಯಮ ಕಳಿಸು ಅಂತ ದುಂಬಾಲು ಬಿದ್ದಿದ್ದಾರೆ. ಒಬ್ಬೊಬ್ಬರಿಗೂ ವಿವರಿಸೋ ತಾಳ್ಮೆ ಇಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ.

ನಮ್ಮದು ಡಿ ಅಂಡ್ ಡಿ, 2014ರ ಐದನೇ ಆವೃತ್ತಿ. ಟೆಲಿಗ್ರಾಂನಲ್ಲಿ ಬರೆದು ಆಡೋದು. ನಡೆಸೋನು ನಾನು, ಆಟಗಾರರು ಐದು ಜನ: ಹುಬ್ಬಳ್ಳಿಯವನೊಬ್ಬ, ಮೈಸೂರಿನವರಿಬ್ಬರು, ಸಿಯಾಟಲ್‌ನಲ್ಲೊಬ್ಬಳು, ನಮ್ಮ ಬೀದಿಯವನೊಬ್ಬ. ದಿನಕ್ಕೆ ತಲಾ ಒಂದು ಪೋಸ್ಟ್, ದಾಳ ಬಾಟ್ ಹಾಕುತ್ತೆ. ಬರೆದು ಆಡಿದವರಿಗೆ ಗೊತ್ತು, ಎದುರು ಕೂತು ಅರ್ಧ ಗಂಟೆಯಲ್ಲಿ ಮುಗಿಯೋ ಹೊಡೆದಾಟ ಇಲ್ಲಿ ವಾರಗಟ್ಟಲೆ ಎಳೆಯುತ್ತೆ. ನಮ್ಮ ಮೊದಲ ಗಾಬ್ಲಿನ್ ಕಾಳಗ ಹತ್ತೊಂಬತ್ತು ದಿನ ನಡೆಯಿತು. ಆರು ಗಾಬ್ಲಿನ್, ತಲೆಗೆ 50ರಂತೆ 300 ಎಕ್ಸ್‌ಪಿ. ಐವರಿಗೆ ಹಂಚಿದರೆ ಅರವತ್ತು. ಎರಡನೇ ಲೆವೆಲ್ಲಿಗೆ ಒಬ್ಬೊಬ್ಬರಿಗೂ 300 ಬೇಕು. ಅಂದರೆ ಇಂಥ ಐದು ಕಾಳಗ, ಮೂರು ತಿಂಗಳ ಮೇಲೆ. ಎರಡನೇ ಕಾಳಗ ಮುಗಿಯೋದರೊಳಗೆ ಇಬ್ಬರು ಗುಂಪು ಬಿಟ್ಟು ಹೋದರು.

ಆಮೇಲೆ ಮೈಲಿಗಲ್ಲು ಪದ್ಧತಿ ಹಿಡಿದೆ, ಕಥೆ ಇಷ್ಟು ಮುಂದೆ ಹೋದರೆ ಒಂದು ಲೆವೆಲ್ ಅಂತ. ಎಲ್ಲರೂ ನನ್ನ ಮುಖ ನೋಡಿಕೊಂಡು ಕೂತರು. "ಮುಂದೇನಣ್ಣ?" ಅನ್ನೋದೇ ಪೋಸ್ಟ್. ನಾಲ್ಕು ತಿಂಗಳಲ್ಲಿ ಅದೂ ಸತ್ತಿತು. ಈ ಹೊತ್ತಿಗೆ ಪುಸ್ತಕಗಳಿಗೆ ಎಂಟೊಂಬತ್ತು ಸಾವಿರ, ಮೇಜಿನ ಮೇಲಿಡೋ ಪುಟ್ಟ ಗೊಂಬೆಗಳಿಗೆ, ಅಂದರೆ ಮಿನಿಯೇಚರ್‌ಗಳಿಗೆ ನಾಲ್ಕೂವರೆ ಸಾವಿರ ಸುರಿದಿದ್ದೆ. ಬರೆದು ಆಡೋ ಆಟಕ್ಕೆ ಮಿನಿಯೇಚರ್ ಯಾಕೆ ಅಂತ ಹೆಂಡತಿ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಹೊಳೆದಿಲ್ಲ.

ಆಟದ ಚಿನ್ನದ ನಾಣ್ಯವೂ ಸಮಸ್ಯೆಯೇ. ಪ್ಲೇಟ್ ಆರ್ಮರ್ (ಮೈತುಂಬ ಲೋಹದ ಕವಚ) 1500, ಗಾಯ ಮಾಯಿಸೋ ಮದ್ದು 50. ಇವೆರಡು ಬಿಟ್ಟರೆ ಕೊಳ್ಳೋಕೆ ಇನ್ನೇನಿದೆ? ಒಂದು ಕ್ವೆಸ್ಟ್ (ಒಪ್ಪಿಕೊಂಡ ಸಾಹಸದ ಕೆಲಸ) ಮುಗಿದು ಇನಾಮು ಹಂಚುವಾಗ ಹುಬ್ಬಳ್ಳಿ ಗೆಳೆಯ ಬರೆದ: "ಈ ರೊಕ್ಕಾ ತಗೊಂಡು ಏನ್ ಮಾಡೂದೋ ಮಾರಾಯಾ?" ಆ ರಾತ್ರಿ 1974ರ ಮೂಲ ಆಟ ನೆನಪಾಯಿತು. ಅದರಲ್ಲಿ ನಿಧಿಗೂ ಎಕ್ಸ್‌ಪಿ, ಒಂದು ಚಿನ್ನಕ್ಕೆ ಒಂದು. ನಾನು ಇನ್ನೊಂದು ಗಂಟು ಹಾಕಿದೆ: ತಂದರೆ ಸಾಲದು, ಖರ್ಚು ಮಾಡಬೇಕು. ಅದೂ ಹೊಡೆದಾಟಕ್ಕೆ ಉಪಯೋಗಕ್ಕೆ ಬಾರದ್ದಕ್ಕೆ. ಹಬ್ಬದೂಟ, ಬಾವಿ, ಗುಡಿ, ಜಾತ್ರೆ, ತಂಗಿ ಮದುವೆ, ಅಪ್ಪನ ಸಾಲ. ಕತ್ತಿ ಕೊಂಡರೆ ಸೊನ್ನೆ.

ಮೊದಲ ಸಲ ಮುಗ್ಗರಿಸಿದ್ದು ಲೆಕ್ಕದಲ್ಲೇ. ಪುಸ್ತಕದ ಕೋಷ್ಟಕದಂತೆ ಕೆಳಹಂತದ ನಿಧಿಗೆ ದಾಳ ಹಾಕಿದರೆ ರತ್ನ, ಕಲಾವಸ್ತು ಬಿಟ್ಟು ನಾಣ್ಯವೆಲ್ಲ ಸೇರಿ ಸರಾಸರಿ ಇನ್ನೂರು ಚಿನ್ನವೂ ಆಗಲ್ಲ. ಐವರಿಗೆ ತಲಾ ನಲವತ್ತೂ ಇಲ್ಲ. ಗಾಬ್ಲಿನ್ ಕೊಲ್ಲೋದೇ ವಾಸಿ! ದಾರಿ ಸಿಕ್ಕಿದ್ದು ಮೈಸೂರಿನ ಹಳೇ ನಾಣ್ಯಗಳಲ್ಲಿ. ಹತ್ತು ಕಂಠೀರವ ಹಣಕ್ಕೆ ಒಂದು ವರಹ ಅಂತ ಲೆಕ್ಕವಿತ್ತಲ್ಲ, ಆಟದಲ್ಲೂ ಹತ್ತು ಬೆಳ್ಳಿಗೆ ಒಂದು ಚಿನ್ನ. ಚಿನ್ನವನ್ನು ವರಹ, ಬೆಳ್ಳಿಯನ್ನು ಹಣ, ತಾಮ್ರವನ್ನು ಕಾಸು ಅಂತ ಕರೆದು ಒಂದು ಹಣಕ್ಕೆ ಒಂದು ಎಕ್ಸ್‌ಪಿ ಇಟ್ಟೆ. (ನಿಜವಾದ ಕಂಠೀರವ ಹಣ ಚಿನ್ನದ್ದೇ. ಇತಿಹಾಸದವರು ಹೊಟ್ಟೆಗೆ ಹಾಕ್ಕೊಳ್ಳಿ.) ಅದೇ ನಿಧಿ ಈಗ ತಲಾ ಮುನ್ನೂರ ತೊಂಬತ್ತರ ಹತ್ತಿರ. ಒಂದು ಗಟ್ಟಿ ಕ್ವೆಸ್ಟ್‌ಗೆ ಒಂದು ಲೆವೆಲ್. ಪ್ಯಾಲಡಿನ್‌ನ ಬಾವಿ ಅರವತ್ತು ವರಹದ್ದು, ಅಂದರೆ ಆರುನೂರು ಎಕ್ಸ್‌ಪಿ. 300ರಿಂದ 900ಕ್ಕೆ ಸರಿಯಾಗಿ ಕೂತಿತು.

ಮಜಾ ಬಂದದ್ದು ಸಾಗಣೆಯಲ್ಲಿ. ಐವತ್ತು ನಾಣ್ಯಕ್ಕೆ ಒಂದು ಪೌಂಡ್ ತೂಕ ಅನ್ನೋ ನಿಯಮವನ್ನು ಯಾರೂ ಪಾಲಿಸಲ್ಲ, ನಾನು ಬಿಗಿಯಾಗಿ ಪಾಲಿಸಿದೆ. ಘಟ್ಟದ ಗವಿಯಲ್ಲಿ 2100 ಕಾಸು ಸಿಕ್ಕಿತು. ಹತ್ತೊಂಬತ್ತು ಕಿಲೋ ತಾಮ್ರ, ಬೆಲೆ ಇಪ್ಪತ್ತೊಂದೇ ವರಹ. ಬಿಡಬೇಕೋ ಹೊರಬೇಕೋ ಅಂತ ಎರಡು ದಿನ ಜಗಳ. ಕಡೆಗೆ ಎಂಟು ವರಹ ಕೊಟ್ಟು ಹೇಸರಗತ್ತೆ ಕೊಂಡರು. ಹೊಳೆ ದಾಟುವಾಗ ಅದು ಕಾಲು ಜಾರಿ ಮೂಟೆ ಸಮೇತ ಮುಳುಗಿತು. ರೋಗ್ (ಕಳ್ಳನ ಪಾತ್ರ) ಹಗ್ಗ ಕಟ್ಟಿಕೊಂಡು ಹಾರಿ ಮೂಟೆ ಎತ್ತಿದ, ಕತ್ತೆ ಹೋಯಿತು. ಆ ಮೂರು ದಿನ ಬಂದಷ್ಟು ಪೋಸ್ಟ್ ಯಾವ ಡ್ರ್ಯಾಗನ್ನಿಗೂ ಬಂದಿಲ್ಲ.

ಕ್ವೆಸ್ಟ್ ಕೊಡೋದು ಭಾನುವಾರದ ಸಂತೆಯಲ್ಲಿ, ಒಟ್ಟಿಗೆ ಮೂರೇ. ಕಳೆದುಹೋದ ಉಪ್ಪಿನ ಹೇರು ಹುಡುಕಲು ಸುಂಕದವನು ನಲವತ್ತು ವರಹ ಅಂತಾನೆ, ಹೇರಿನ ಯಜಮಾನ ಇಪ್ಪತ್ತೈದು, ಜೊತೆಗೆ ಒಂದು ಋಣ (ಮುಂದೆ ಅವನು ತೀರಿಸೋ ಉಪಕಾರ). ಋಣವೇ ಹೆಚ್ಚು ಬೆಲೆ ಅಂತ ಅವರಿಗೆ ಗೊತ್ತಾಗಲು ಮೂರು ಕ್ವೆಸ್ಟ್ ಬೇಕಾಯಿತು. ಯಾರೂ ಹಿಡಿಯದ ಕೆಲಸ ಸುಮ್ಮನೆ ಕೂರಲ್ಲ, ತಾನಾಗಿ ಕೆಡುತ್ತಾ ಹೋಗುತ್ತೆ. ಎಷ್ಟು ದಿನಕ್ಕೆ ಎಷ್ಟು ಕೆಡಬೇಕು ಅನ್ನೋ ಹಾಳೆ ಮಾತ್ರ ಕೊಡಲಾರೆ, ನನ್ನ ಆಟಗಾರರೂ ಇದನ್ನು ಓದ್ತಾರೆ. ಮೂರು ದಿನ ಪೋಸ್ಟ್ ಹಾಕದವನ ಪಾತ್ರ ಲಾಟೀನು ಹಿಡಿದು ಹಿಂದೆ ನಡೆಯುತ್ತೆ, ಪಾಲು ಅರ್ಧ.

ನಡುವೆ ಒಗಟಿನ ಇನಾಮು ಮಾಡಿ ನೋಡಿದೆ. ಎರಡೇ ನಿಮಿಷಕ್ಕೆ ಗೂಗಲ್ ಮಾಡಿ ಉತ್ತರ ಹಾಕಿದರು. ಅಜ್ಜಿ ಹೇಳುತ್ತಿದ್ದ ಒಗಟು ಹಾಕಿದೆ, ಸಿಯಾಟಲ್‌ನವಳು ಅವಳ ಅಜ್ಜಿಗೇ ಫೋನ್ ಹಚ್ಚಿದಳು. ಅದಕ್ಕೆ ಇನಾಮು ಕೊಡಲೇಬೇಕಾಯಿತು. ಅವೆನ್ಯೂ ರೋಡಿನ ಸಂದಿಯಲ್ಲಿ ಎರಡು ಸಾವಿರದಷ್ಟು ಕೊಟ್ಟು ಹಿತ್ತಾಳೆ ವರಹ ಹೊಡೆಸಿದ್ದೂ ಇದೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿದಾಗ ಒಳ್ಳೇ ಸದ್ದು ಮಾಡುತ್ತೆ, ಅಷ್ಟೇ. ಬ್ಯಾಗ್ ಆಫ್ ಹೋಲ್ಡಿಂಗ್ (ತುಂಬಿದರೂ ತೂಕ ಏರದ ಮಾಯಾಚೀಲ) ಮಾತ್ರ ಇನಾಮಾಗಿ ಕೊಡಬೇಡಿ. ತೂಕದ ಆಟವೆಲ್ಲ ಅಲ್ಲಿಗೆ ಮುಗಿಯಿತು. ನಾನು ಕೊಟ್ಟು, ವಾಪಸ್ ಕದಿಸಲು ಎರಡು ತಿಂಗಳು ಹೆಣಗಿದೆ.

ಕುಡಿದು ಕೂರ್ತಾರೆ ಅಂದಿದ್ದು ಅರ್ಧ ನಿಜ. ರೋಗ್ ಊರಿಗೆಲ್ಲ ಕುಡಿಸಿಯೇ ನಾಲ್ಕನೇ ಲೆವೆಲ್ ಮುಟ್ಟಿದ್ದು. ಆದರೆ ಕುಡಿದ ಮತ್ತಿನಲ್ಲಿ ಮಾಡಿಕೊಂಡ ಸಾಲವೇ ಈಗಿನ ಕ್ವೆಸ್ಟ್. ಹಿಂದುಳಿದವನು ವಿಝರ್ಡ್. ಸಿಕ್ಕಿದ್ದನ್ನೆಲ್ಲ ಮಂತ್ರ ನಕಲು ಮಾಡಲು ಹಾಕ್ತಾನೆ, ಮಂತ್ರದ ಲೆವೆಲ್ ಒಂದಕ್ಕೆ ಐವತ್ತು ವರಹ, ಅದಕ್ಕೆ ಎಕ್ಸ್‌ಪಿ ಇಲ್ಲ. ಇನ್ನೂ ಎರಡರಲ್ಲೇ ಇದ್ದಾನೆ. ನಿನ್ನೆ ರಾತ್ರಿ ಅವನ ಪರ್ಸನಲ್ ಮೆಸೇಜ್ ಬಂತು: "ಸತ್ತ ಹೇಸರಗತ್ತೆ ತಿಥಿ ಮಾಡಿದ್ರೆ ಖರ್ಚಿಗೆ ಸೇರುತ್ತಾ?" ಸೇರುತ್ತೆ ಅಂದಿದ್ದೇನೆ, ಊರೆಲ್ಲ ಕರೆದರೆ ಮಾತ್ರ.